ಕಿಟಕಿಯ ಬೆಳಕು, ಹೊಸ್ತಿಲ ಪೊರಕೆ: ಇಂಗ್ಲೆಂಡಿನ ಹಳ್ಳಿಯೊಂದರ ಚಿತ್ರ ತೆಗೆಯುವ ಬಗೆ

ಇಂಗ್ಲೆಂಡಿನ ವಿಲ್ಟ್‌ಷೈರ್ ಸೀಮೆಯಲ್ಲಿ, ಏವನ್ ನದಿಯ ಹುಲ್ಲುಗಾವಲುಗಳ ಅಂಚಿನಲ್ಲಿರುವ ಲೇಕಾಕ್ ಎಂಬ ಗ್ರಾಮಕ್ಕೆ ಮುಖ್ಯವಾದ ಬೀದಿಗಳು ನಾಲ್ಕೇ. ಒಂದು ಗಂಟೆಯೊಳಗೆ ಅವಷ್ಟನ್ನೂ ಸುತ್ತಿ ಬರಬಹುದಾದರೂ, ಕ್ಯಾಮೆರಾ ಹಿಡಿದವನಿಗೆ ಆ ನಾಲ್ಕು ಬೀದಿಗಳು ಒಂದು ವರ್ಷಕ್ಕೂ ಮುಗಿಯುವುದಿಲ್ಲ. ಊರಿನ ಪೂರ್ವಕ್ಕೆ, 13ನೆಯ ಶತಮಾನದಲ್ಲಿ ಸಾಲಿಸ್‌ಬರಿಯ ಕೌಂಟೆಸ್ ಈಲಾ ಎಂಬವಳು ಕ್ರೈಸ್ತ ಸಂನ್ಯಾಸಿನಿಯರಿಗಾಗಿ ಕಟ್ಟಿಸಿದ ಮಠವಿದೆ. 1539ರಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಮಠವು ಮುಚ್ಚಿಹೋಗಿ, ಸಿರಿವಂತನೊಬ್ಬನ ಮನೆಯಾಗಿ ಮಾರ್ಪಟ್ಟು, ಕೈಯಿಂದ ಕೈಗೆ ಸಾಗಿ, ಕೊನೆಗೆ ಟಾಲ್ಬಟ್ ವಂಶದವರಿಗೆ ಸೇರಿತು. ಆ ಮನೆಯ ದಕ್ಷಿಣದ ಹಜಾರದಲ್ಲಿ, ಗೋಡೆಯಿಂದ ಹೊರಚಾಚಿದ ಒಂದು ಜಾಲರಿ ಕಿಟಕಿಯಿದೆ. ಇಂದು ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ನೆಗೆಟಿವ್‌ನಲ್ಲಿ ಮೂಡಿರುವುದು ಆ ಕಿಟಕಿಯೇ. ಅದನ್ನು ತೆಗೆದುದು 1835ರ ಆಗಸ್ಟ್ ತಿಂಗಳಲ್ಲಿ, ತೆಗೆದವನು ಆ ಮನೆಯ ಯಜಮಾನನಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್.

ಟಾಲ್ಬಟ್‌ನಿಗೆ ಚಿತ್ರ ಬರೆಯುವ ಕೈ ಇರಲಿಲ್ಲ. 1833ರಲ್ಲಿ ಇಟಲಿಯ ಕೋಮೊ ಸರೋವರದ ದಡದಲ್ಲಿ ಕುಳಿತು ಎದುರಿನ ದೃಶ್ಯವನ್ನು ಪೆನ್ಸಿಲಿನಿಂದ ಗುರುತಿಸಿಕೊಳ್ಳಲು ಯತ್ನಿಸಿ ಸೋತಾಗ, ಬೆಳಕೇ ತನ್ನ ಗುರುತನ್ನು ಕಾಗದದ ಮೇಲೆ ತಾನೇ ಬರೆದುಕೊಂಡರೆ ಹೇಗೆ ಎಂಬ ಆಲೋಚನೆ ಅವನಲ್ಲಿ ಹುಟ್ಟಿತು. ಊರಿಗೆ ಮರಳಿದ ಮೇಲೆ, ಅವನ ಹೆಂಡತಿ ಕಾನ್‌ಸ್ಟೆನ್ಸ್ ಇಲಿಬೋನುಗಳೆಂದು ಕರೆದ ಪುಟ್ಟ ಮರದ ಪೆಟ್ಟಿಗೆಗಳನ್ನು ಮನೆಯ ಸುತ್ತಮುತ್ತ ಇಟ್ಟು ಪ್ರಯೋಗ ನಡೆಸಿದನು. ಅಂಚೆಚೀಟಿಯಷ್ಟೇ ಗಾತ್ರದ ಆ ಕಿಟಕಿಯ ನೆಗೆಟಿವ್‌ನ ಪಕ್ಕದಲ್ಲಿ ಅವನು ಕೈಯಾರೆ ಒಂದು ಟಿಪ್ಪಣಿಯನ್ನೂ ಬರೆದಿಟ್ಟಿದ್ದಾನೆ: ತೆಗೆದ ತಿಂಗಳು, ವರ್ಷ, ಹಾಗೂ ಚಿತ್ರವು ಹೊಸದಾಗಿದ್ದಾಗ ಮಸೂರದ ಸಹಾಯದಿಂದ ಸುಮಾರು 200 ಗಾಜಿನ ಚೌಕಗಳನ್ನು ಎಣಿಸಬಹುದಾಗಿತ್ತೆಂಬ ಮಾತು. ಚಿತ್ರವು ಈಗ ಬಹಳ ಮಸಕಾಗಿದೆ. ಆದರೆ ಆ ಬರೆಹದ ಬಲದಿಂದ ಅದು ಯಾವ ಕಿಟಕಿ, ಯಾವ ಬೇಸಗೆ ಎಂಬುದು ಇಂದಿಗೂ ನಿಸ್ಸಂದಿಗ್ಧವಾಗಿ ತಿಳಿಯುತ್ತದೆ.

ಈ ಟಿಪ್ಪಣಿಯ ಬೆಲೆ ನನಗೆ ತಿಳಿದುಬಂದದ್ದು ನಷ್ಟದ ಮೂಲಕ. ಮೊದಲ ಸಲ ಲೇಕಾಕಿಗೆ ಹೋದ ದಿನ ಉತ್ಸಾಹದ ಭರದಲ್ಲಿ ಬಾಗಿಲು, ಹೊಗೆಗೂಡು, ಗೋಡೆ, ಹೂಕುಂಡವೆನ್ನದೆ ಕಂಡಕಂಡದ್ದನ್ನೆಲ್ಲ ತೆಗೆದುಕೊಂಡು ಬಂದೆನು. ಕೆಲವು ವರ್ಷಗಳ ಅನಂತರ ಅವನ್ನು ಬಿಚ್ಚಿ ನೋಡಿದಾಗ ಯಾವ ಬಾಗಿಲು ಯಾವ ಬೀದಿಯದು, ಆ ಹೊಗೆಗೂಡು ಆ ಊರಿನದೋ ಪಕ್ಕದ ಊರಿನದೋ ಎಂಬುದನ್ನು ಹೇಳಲಾರದೆ ಹೋದೆನು. ಚಿತ್ರಗಳು ಸುಂದರವಾಗಿಯೇ ಇದ್ದುವು, ಆದರೆ ಅವು ಯಾವ ಊರಿಗೂ ಸೇರದವಾಗಿದ್ದುವು. ಆದುದರಿಂದ ಈ ಲೇಖನದಲ್ಲಿ ಕ್ಯಾಮೆರಾವನ್ನು ಕುರಿತು ಹೇಳುವುದರ ಜೊತೆಗೆ, ನಡಿಗೆ, ಬೆಳಕು, ಸೌಜನ್ಯ ಮತ್ತು ಬರೆಹ ಎಂಬ ನಾಲ್ಕರ ಬಗೆಗೂ ಹೇಳಬೇಕೆಂದಿದ್ದೇನೆ. ಇಂಗ್ಲೆಂಡಿನಲ್ಲಿ ನೆಲಸಿರುವ ಅಥವಾ ಅಲ್ಲಿಗೆ ಮಕ್ಕಳ ಮನೆಗೆಂದು ಹೋಗಿಬರುವ ಕನ್ನಡಿಗರಿಗೆ ಇದು ಯಾವ ಹಳ್ಳಿಯಲ್ಲಿಯಾದರೂ ಉಪಯೋಗಕ್ಕೆ ಬಂದೀತು.

ಮೊದಲು ಕಾಲು, ಆಮೇಲೆ ಕ್ಯಾಮೆರಾ

ಹೊಸ ಹಳ್ಳಿಗೆ ಹೋದವರು ಮೊದಲ ಸುತ್ತನ್ನು ಕ್ಯಾಮೆರಾವನ್ನು ಚೀಲದಲ್ಲಿಟ್ಟೇ ಮುಗಿಸುವುದು ಒಳ್ಳೆಯದು. ಊರು ಏಕೆ ಅಲ್ಲಿ ಹುಟ್ಟಿತು ಎಂಬ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದರೆ ಏನನ್ನು ತೆಗೆಯಬೇಕೆಂಬುದು ತಾನಾಗಿ ಹೊಳೆಯುತ್ತದೆ. ಲೇಕಾಕ್ ಬೆಳೆದುದು ಮಠದ ಆಶ್ರಯದಿಂದ ಮತ್ತು ಉಣ್ಣೆಯ ವ್ಯಾಪಾರದಿಂದ. ಇದನ್ನು ತಿಳಿದವನಿಗೆ ಚರ್ಚಿನ ದಿಕ್ಕಿನಲ್ಲಿ ಹರಿಯುವ ಪುಟ್ಟ ಹಳ್ಳವೂ, ಅದರ ಮೇಲೆ ಹೇರುಕುದುರೆಗಳು ದಾಟುತ್ತಿದ್ದ ಕಿರಿದಾದ ಕಲ್ಲುಸೇತುವೆಯೂ, ರೈತರು ಮಠಕ್ಕೆ ಸಲ್ಲಿಸಬೇಕಾಗಿದ್ದ ಹತ್ತನೆಯ ಒಂದು ಪಾಲನ್ನು ತುಂಬಿಡುತ್ತಿದ್ದ 14ನೆಯ ಶತಮಾನದ ಕಣಜವೂ ಬೇರೆಬೇರೆ ನೋಟಗಳಾಗಿ ಕಾಣದೆ ಒಂದೇ ಕಥೆಯ ಪ್ರಸಂಗಗಳಾಗಿ ಕಾಣುತ್ತವೆ. ಕಣಜದ ಮಗ್ಗುಲಲ್ಲೇ, ಕುಡಿದು ಗಲಾಟೆ ಮಾಡಿದವರನ್ನು ರಾತ್ರಿ ಕೂಡಿಹಾಕುತ್ತಿದ್ದ ಕಿಟಕಿಯಿಲ್ಲದ ಚಿಕ್ಕ ಸೆರೆಕೋಣೆಯಿದೆ. ವೆಸ್ಟ್ ಸ್ಟ್ರೀಟಿನ ಜಾರ್ಜ್ ಇನ್ ಎಂಬ ಹಳೆಯ ಛತ್ರದೊಳಗೆ, ಬೆಂಕಿಯ ಮೇಲಿನ ಮಾಂಸವನ್ನು ತಿರುಗಿಸುವುದಕ್ಕಾಗಿ ನಾಯಿಯನ್ನು ಓಡಿಸುತ್ತಿದ್ದ ಮರದ ಚಕ್ರವು ಇಂದಿಗೂ ಉಳಿದಿದೆ.

ಯಾವ ಇಂಗ್ಲಿಷ್ ಹಳ್ಳಿಯಲ್ಲಿಯಾದರೂ ಮೊದಲು ಚರ್ಚಿನ ಬಾಗಿಲ ಬಳಿಯ ಕಿರುಹೊತ್ತಗೆಯನ್ನು ಓದಬೇಕು. ಅನಂತರ ಸ್ಮಶಾನದ ಹೆಬ್ಬಾಗಿಲ ಮಾಡು, ಹಳೆಯ ಯೂ ಮರ, ಯುದ್ಧದಲ್ಲಿ ಮಡಿದವರ ಹೆಸರಿನ ಕಲ್ಲು, ಅಂಚೆಪೆಟ್ಟಿಗೆ, ಕೆಂಪು ಟೆಲಿಫೋನ್ ಗೂಡು ಇವುಗಳನ್ನು ಒಂದು ಪುಸ್ತಕದಲ್ಲಿ ಗುರುತುಮಾಡಿಕೊಳ್ಳಬೇಕು. ಅಂಚೆಪೆಟ್ಟಿಗೆಯ ಮೇಲಿನ ಅಕ್ಷರಗಳು ಅದನ್ನು ನಿಲ್ಲಿಸಿದಾಗ ಸಿಂಹಾಸನದಲ್ಲಿದ್ದ ರಾಜ ಅಥವಾ ರಾಣಿಯ ಮುದ್ರೆಯಾದುದರಿಂದ, ಆ ಒಂದು ಮುದ್ರೆಯೇ ಚಿತ್ರಕ್ಕೆ ಕಾಲವನ್ನು ಒದಗಿಸುತ್ತದೆ. ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಎಂಬ ವಾಸ್ತುಶಿಲ್ಪಿಯು ಐದನೆಯ ಜಾರ್ಜ್ ದೊರೆಯ ರಜತಮಹೋತ್ಸವದ ವರ್ಷವಾದ 1935ರಲ್ಲಿ ರೂಪಿಸಿದ ಟೆಲಿಫೋನ್ ಗೂಡುಗಳಲ್ಲಿ ಅನೇಕವು ಈಗ ಪುಸ್ತಕದ ಗೂಡುಗಳಾಗಿಯೋ, ಹೃದಯಸ್ತಂಭನಕ್ಕೆ ಒಳಗಾದವರ ಪ್ರಾಣವುಳಿಸುವ ಉಪಕರಣದ ನೆಲೆಗಳಾಗಿಯೋ ಮಾರ್ಪಟ್ಟಿವೆ. ಹೊರಗಿನ ಕೆಂಪು ಬಣ್ಣಕ್ಕಿಂತ ಒಳಗಿನ ಈ ಮಾರ್ಪಾಡೇ ಚಿತ್ರಕ್ಕೆ ಯೋಗ್ಯವಾದ ವಿಷಯ.

ಬೆಳಕಿನ ಪಂಚಾಂಗ

ನಮ್ಮ ನಾಡಿನ ಬೆಳಕಿಗೆ ಒಗ್ಗಿದ ಕಣ್ಣು ಇಂಗ್ಲೆಂಡಿನಲ್ಲಿ ಹೊಸದಾಗಿ ಪಾಠ ಕಲಿಯಬೇಕಾಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರಿನ ನಡುಹಗಲಿನಲ್ಲಿ ಕೂಡ ಸೂರ್ಯನು ದಿಗಂತದಿಂದ 53 ಡಿಗ್ರಿಗಳಷ್ಟು ಮೇಲಿರುತ್ತಾನೆ. ಲೇಕಾಕಿನಲ್ಲಿ ಅದೇ ಹೊತ್ತಿಗೆ ಅವನ ಎತ್ತರ ಸುಮಾರು 15 ಡಿಗ್ರಿ ಮಾತ್ರ. ಜೂನ್ ತಿಂಗಳ ಮಧ್ಯಾಹ್ನದಲ್ಲಿಯೂ ಅದು 62 ಡಿಗ್ರಿಯನ್ನು ಮೀರುವುದಿಲ್ಲ. ನಮ್ಮಲ್ಲಿ ಬೆಳಗ್ಗೆ ಎಂಟರೊಳಗೆ ಮುಗಿದುಹೋಗುವ ಓರೆಬೆಳಕು ಅಲ್ಲಿ ಚಳಿಗಾಲದ ಇಡೀ ಹಗಲೂ ಗೋಡೆಗಳ ಮೇಲೆ ಹರಿಯುತ್ತಿದ್ದು, ಕಲ್ಲಿನ ಒಂದೊಂದು ಉಳಿಗುರುತನ್ನೂ ನೆರಳಿನಿಂದ ಎತ್ತಿ ತೋರಿಸುತ್ತದೆ. ಆದರೆ ಆ ಹಗಲು ಬಲು ಗಿಡ್ಡ: ಡಿಸೆಂಬರಿನಲ್ಲಿ ಎಂಟು ಗಂಟೆಯ ಮೇಲೆ ಹುಟ್ಟಿದ ಸೂರ್ಯನು ಸಂಜೆ ನಾಲ್ಕಕ್ಕೆ ಮುಳುಗಿಬಿಡುತ್ತಾನೆ. ಜೂನಿನಲ್ಲಿಯಾದರೋ ಐದಕ್ಕೆ ಮೊದಲೇ ಬೆಳಗಾಗಿ ರಾತ್ರಿ ಒಂಬತ್ತೂವರೆಯವರೆಗೆ ಹಗಲಿರುತ್ತದೆ. ಜನಸಂಚಾರವಿಲ್ಲದ ಬೀದಿ ಬೇಕಾದವರಿಗೆ ಆ ಮುಂಜಾನೆಗಿಂತ ಒಳ್ಳೆಯ ಸಮಯವಿಲ್ಲ.

ದಿಕ್ಕನ್ನು ತಿಳಿಯುವುದಕ್ಕೆ ಚರ್ಚೇ ದಿಕ್ಸೂಚಿ. ಹಳೆಯ ಚರ್ಚುಗಳ ಪೂಜಾವೇದಿಕೆಯು ಸಾಮಾನ್ಯವಾಗಿ ಪೂರ್ವದಲ್ಲಿರುವುದರಿಂದ, ಪೂರ್ವದ ಬಣ್ಣದ ಗಾಜಿನ ಕಿಟಕಿಯು ಒಳಗಿನಿಂದ ಬೆಳಗುವುದು ಮುಂಜಾನೆ. ಹೊರಗಿನ ದಕ್ಷಿಣದ ಗೋಡೆಗೆ ಬಹುಪಾಲು ಹಗಲು ಬಿಸಿಲಿರುತ್ತದೆ. ಉತ್ತರದ ಗೋಡೆಗೆ ನೇರವಾದ ಬಿಸಿಲು ಬೀಳುವುದು ಬೇಸಗೆಯ ತಿಂಗಳುಗಳ ಬೆಳಗು ಬೈಗುಗಳಲ್ಲಿ ಮಾತ್ರ. ಪೂರ್ವಪಶ್ಚಿಮವಾಗಿ ಹರಿದ ಬೀದಿಯಲ್ಲಿ ಉತ್ತರದ ಸಾಲಿನ ಮನೆಗಳ ಮುಖಕ್ಕೆ ಬಿಸಿಲು, ದಕ್ಷಿಣದ ಸಾಲಿನವಕ್ಕೆ ನೆರಳು ಎಂಬುದನ್ನು ಮೊದಲೇ ಲೆಕ್ಕಹಾಕಿಕೊಂಡರೆ ವೃಥಾ ಅಲೆದಾಟ ತಪ್ಪುತ್ತದೆ.

ಮೋಡ ಕವಿದ ದಿನಗಳಿಗೆ ಬೇಸರಪಡಬೇಕಾಗಿಲ್ಲ. ಆ ಮೋಡವು ಆಕಾಶಕ್ಕೆ ಕಟ್ಟಿದ ತೆಳುವಾದ ಬಿಳಿಯ ಪಂಚೆಯಂತೆ ಬೆಳಕನ್ನು ಎಲ್ಲ ಕಡೆಗೂ ಸಮವಾಗಿ ಹರಡುವುದರಿಂದ, ಸಮಾಧಿಶಿಲೆಯ ಅಕ್ಷರ, ಬಾಗಿಲ ಬಡಿಗೋಲು, ಮುಖದ ಸುಕ್ಕು ಇಂಥವುಗಳಿಗೆ ಅದೇ ಪ್ರಶಸ್ತ. ಚೌಕಟ್ಟಿನಲ್ಲಿ ಆಕಾಶವನ್ನು ಮಾತ್ರ ಕಡಿಮೆಮಾಡಬೇಕು. ಸವೆದ ಶಾಸನಕ್ಕಾದರೆ ಓರೆಬಿಸಿಲಿಗೆ ಕಾಯತಕ್ಕದ್ದು; ಕಲ್ಲಿಗೆ ಸೀಮೆಸುಣ್ಣ ಬಳಿಯುವುದಾಗಲಿ ಉಜ್ಜುವುದಾಗಲಿ ಸರ್ವಥಾ ಕೂಡದು. ಮಳೆ ನಿಂತ ಕೂಡಲೇ ಸುಣ್ಣಗಲ್ಲಿನ ಬಣ್ಣವು ಗಾಢವಾಗಿ, ನೆಲವು ಕನ್ನಡಿಯಾಗುತ್ತದೆ. ಹೊರಗಿನ ಚಳಿಯಿಂದ ಬೆಚ್ಚನೆಯ ಚಹದಂಗಡಿಯೊಳಕ್ಕೆ ಕಾಲಿಟ್ಟಾಗ ಲೆನ್ಸಿನ ಮೇಲೆ ಹಬೆ ಕೂಡುವುದು ಸಹಜ. ಆಗ ಒರೆಸುವ ಅವಸರ ಬೇಡ, ಕ್ಯಾಮೆರಾ ಚೀಲದೊಳಗೇ ನಿಧಾನವಾಗಿ ಬೆಚ್ಚಗಾಗಲಿ.

ಕಲ್ಲು, ಮರ, ಗಾಜು

ಕಟ್ಟಡಗಳ ಚಿತ್ರದಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ಗೋಪುರದ ತುದಿ ಹಿಡಿಸಬೇಕೆಂದು ಕ್ಯಾಮೆರಾವನ್ನು ಮೇಲಕ್ಕೆ ಓರೆಮಾಡುವುದು. ಹಾಗೆ ಮಾಡಿದರೆ ಗೋಡೆಗಳು ಹಿಂದಕ್ಕೆ ಬೀಳುವಂತೆ ತೋರುತ್ತವೆ. ಕ್ಯಾಮೆರಾವನ್ನು ನೆಟ್ಟಗೆ ಹಿಡಿದು, ಸಾಧ್ಯವಾದಷ್ಟು ಹಿಂದಕ್ಕೆ ಸರಿದು, ಕೆಳಗೆ ಹೆಚ್ಚಾಗಿ ಬರುವ ನೆಲವನ್ನು ಆಮೇಲೆ ಕತ್ತರಿಸುವುದು ಉತ್ತಮ. ಲೇಕಾಕಿನಂಥ ಊರಿನಲ್ಲಿ, ಶತಮಾನಗಳ ಭಾರದಿಂದ ಮರದ ಚೌಕಟ್ಟಿನ ಮನೆಗಳು ನಿಜವಾಗಿಯೂ ಬಾಗಿವೆ. ಕ್ಯಾಮೆರಾ ನೆಟ್ಟಗಿದ್ದರೆ ಮಾತ್ರ ಮನೆಯ ಬಾಗು ಯಾವುದು, ನಮ್ಮ ಕೈಯ ಬಾಗು ಯಾವುದು ಎಂಬುದು ನೋಡುವವರಿಗೆ ತಿಳಿದೀತು. 35 ಅಥವಾ 50 ಮಿಲಿಮೀಟರಿನ ಲೆನ್ಸು ಈ ಕೆಲಸಕ್ಕೆ ಸಾಕು. ಮೊಬೈಲ್ ಫೋನಿನಲ್ಲಿ ತೆಗೆಯುವವರು ಅದರ ಅತಿ ವಿಶಾಲ ನೋಟದ ಲೆನ್ಸನ್ನು ಬಿಟ್ಟು ಸಾಮಾನ್ಯ ಲೆನ್ಸನ್ನು ಬಳಸಿದರೆ ಅಂಚಿನ ಗೋಡೆಗಳು ಎಳೆದಂತಾಗುವುದಿಲ್ಲ.

ಪ್ರತಿಯೊಂದು ಕಟ್ಟಡಕ್ಕೂ ಮೂರು ಚಿತ್ರಗಳೆಂಬ ನಿಯಮವನ್ನು ನಾನು ಇಟ್ಟುಕೊಂಡಿದ್ದೇನೆ. ಮೊದಲನೆಯದು, ಆಚೀಚೆಯ ಮನೆಗಳೊಡನೆ ಅದು ಬೀದಿಯಲ್ಲಿ ನಿಂತಿರುವ ಬಗೆ. ಎರಡನೆಯದು, ಅದರ ಪೂರ್ಣಮುಖ. ಮೂರನೆಯದು, ಕೈಗೆಟಕುವಷ್ಟು ಹತ್ತಿರದಿಂದ ಒಂದು ಅಂಗ, ಅಂದರೆ ಬಡಗಿಯು ತೊಲೆಯ ಕೀಲಿನ ಬಳಿ ಕೊರೆದ ಗುರುತೋ, ಹೆಜ್ಜೆಗಳಿಂದ ನಡುವೆ ಸವೆದ ಮೆಟ್ಟಿಲೋ. ಕಣಜದ ಒಳಗಿನ ಕತ್ತಲೆಗೆ ಫ್ಲಾಷ್ ಹಾಕಿದರೆ ಬಾಗಿದ ಓಕ್ ತೊಲೆಗಳ ಗಾಂಭೀರ್ಯವೆಲ್ಲ ಮಾಯವಾಗುತ್ತದೆ. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಸೂಚಿಸುವ ಐಎಸ್‌ಒ ಪ್ರಮಾಣವನ್ನು 1600ಕ್ಕೋ 3200ಕ್ಕೋ ಏರಿಸಿ, ಕಂಬಕ್ಕೆ ಭುಜವನ್ನಾನಿಸಿ, ಉಸಿರನ್ನು ಅರ್ಧ ಬಿಟ್ಟು ಗುಂಡಿಯನ್ನೊತ್ತಬೇಕು. ಸಂತ ಸಿರಿಯಾಕನ ಹೆಸರಿನ ಅಲ್ಲಿನ ಚರ್ಚಿನ ಒಳಗೆ ಕಿಟಕಿಗೂ ಗೋಡೆಗೂ ಬೆಳಕಿನ ಅಂತರ ಬಹಳವಿರುವುದರಿಂದ, ಗಾಜಿಗೆ ಹೊಂದಿಸಿ ಒಂದು, ಕಲ್ಲಿಗೆ ಹೊಂದಿಸಿ ಒಂದು ಎಂದು ಬೇರೆಬೇರೆಯಾಗಿ ತೆಗೆಯುವುದು ಕ್ಷೇಮ.

ನಿತ್ಯದ ನೋಟಗಳು

ಟಾಲ್ಬಟ್ 1844ರಿಂದ 1846ರವರೆಗೆ ಸಂಚಿಕೆಗಳಾಗಿ ಹೊರತಂದ 'ದಿ ಪೆನ್ಸಿಲ್ ಆಫ್ ನೇಚರ್' ಎಂಬ ಪುಸ್ತಕದಲ್ಲಿ 24 ಚಿತ್ರಗಳಿವೆ. ಅವುಗಳಲ್ಲಿ ನನ್ನನ್ನು ಮತ್ತೆ ಮತ್ತೆ ಕರೆಯುವುದು 'ತೆರೆದ ಬಾಗಿಲು'. ಲೇಕಾಕಿನ ಹೊರಮನೆಯೊಂದರ ಬಾಗಿಲು ಅರ್ಧ ತೆರೆದಿದೆ. ಹೊಸ್ತಿಲಿಗೆ ಕಡ್ಡಿಪೊರಕೆಯೊಂದು ಒರಗಿದೆ. ಗೋಡೆಯಲ್ಲಿ ಒಂದು ಲಾಂದ್ರ ತೂಗುತ್ತಿದೆ. ಒಳಗಿನ ಕತ್ತಲೆಯ ಆಚೆ ತುದಿಯಲ್ಲಿ ಮಸಕಾಗಿ ಒಂದು ಕಿಟಕಿ ಕಾಣುತ್ತದೆ. ಶತಮಾನಗಳ ಮಠವೊಂದು ಕೈಯಳತೆಯಲ್ಲಿರುವಾಗ ಅವನು ಪೊರಕೆಗೆ ಮನಸ್ಸು ಕೊಟ್ಟನು. ನಿತ್ಯಜೀವನದ ಸಾಮಾನ್ಯ ವಸ್ತುಗಳನ್ನು ಚಿತ್ರಿಸಿದ ಡಚ್ ಕಲಾವಿದರ ಮಾದರಿ ಅದಕ್ಕೆ ಅವನಿಗೆ ಆಧಾರವಾಗಿತ್ತು. ಹಾಗೆಂದು ಅವನು ಕಂಡದ್ದನ್ನು ಕಂಡಹಾಗೆ ಹಿಡಿದನೆಂದಲ್ಲ. ಪೊರಕೆಯ ಓರೆ, ನೆರಳಿನ ಓರೆ ಎರಡೂ ಒಂದಕ್ಕೊಂದು ಒಪ್ಪುವಂತೆ ಆ ಚಿತ್ರವನ್ನು ಅಣಿಮಾಡಿದ್ದಾನೆ. ಸಾಮಾನ್ಯ ವಸ್ತುವಿಗೂ ದೇವಾಲಯಕ್ಕೆ ಕೊಡುವಷ್ಟೇ ಶ್ರದ್ಧೆಯನ್ನು ಕೊಡಬೇಕೆಂಬುದು ಅಲ್ಲಿರುವ ಪಾಠ.

ಹಳ್ಳಿಯ ನಿತ್ಯಕ್ಕೂ ಒಂದು ಪಂಚಾಂಗವುಂಟು. ಬೇಸಗೆಯ ಶನಿವಾರಗಳಲ್ಲಿ ಕ್ರಿಕೆಟ್. ಶರತ್ಕಾಲದಲ್ಲಿ ಚರ್ಚಿನೊಳಗೆ ಕುಂಬಳ, ಸೇಬು, ರೊಟ್ಟಿಗಳನ್ನು ಜೋಡಿಸುವ ಸುಗ್ಗಿಯ ಪೂಜೆ. ನವೆಂಬರಿನ ಎರಡನೆಯ ಭಾನುವಾರ ಯುದ್ಧಸ್ಮಾರಕಕ್ಕೆ ಕೆಂಪು ಹೂಮಾಲೆ. ಇವುಗಳಿಗಿಂತ ಅಂತರಂಗವಾದದ್ದು ಗಂಟೆ ಬಾರಿಸುವವರ ವಾರದ ಅಭ್ಯಾಸ. ಗೋಪುರದ ಕೋಣೆಯಲ್ಲಿ ಸುತ್ತು ನಿಂತು, ಬಣ್ಣದ ಉಣ್ಣೆಯಿಂದ ಹೊದಿಸಿದ ಹಗ್ಗದ ಹಿಡಿಯನ್ನು ಒಬ್ಬರಾದ ಮೇಲೊಬ್ಬರು ಎಳೆದುಬಿಡುವಾಗ ಆ ಬಣ್ಣದ ಹಿಡಿಗಳು ಮೇಲಕ್ಕೂ ಕೆಳಕ್ಕೂ ಹಾರುವ ನೋಟ ಅಪೂರ್ವವಾದದ್ದು. ಅವರ ಮುಖ್ಯಸ್ಥರನ್ನು ಮುಂಚಿತವಾಗಿ ಕೇಳಿಕೊಂಡು, ಹಗ್ಗಗಳಿಂದ ದೂರ ಗೋಡೆಗಂಟಿ ನಿಂತು, ಷಟರ್ ವೇಗವನ್ನು ಸೆಕೆಂಡಿನ 1/15ಕ್ಕೆ ಇಳಿಸಿದರೆ, ಮುಖಗಳು ಸ್ಥಿರವಾಗಿದ್ದು ಹಗ್ಗಗಳು ಮಾತ್ರ ಗೆರೆಗಳಾಗಿ ಹರಿಯುತ್ತವೆ.

ಒಂದು ಸೆಪ್ಟೆಂಬರಿನ ಬೆಳಗ್ಗೆ ಚರ್ಚ್ ಸ್ಟ್ರೀಟಿನಲ್ಲಿ ಮುದುಕರೊಬ್ಬರು ತಮ್ಮ ಮನೆಯ ಮುಂದೆ ಪುಟ್ಟ ಮೇಜನ್ನಿಟ್ಟು ಮನೆಯಲ್ಲಿ ಮಾಡಿದ ಜಾಮಿನ ಶೀಷೆಗಳನ್ನು ಜೋಡಿಸುತ್ತಿದ್ದರು. ಪಕ್ಕದಲ್ಲಿ ಕೊಳ್ಳುವವರು ತಾವಾಗಿ ಹಣ ಹಾಕಲೆಂದು ಮುಚ್ಚಳದಲ್ಲಿ ಸೀಳಿರುವ ಒಂದು ತಗಡಿನ ಡಬ್ಬಿ. ನಮಸ್ಕರಿಸಿ, "ಒಂದು ಚಿತ್ರ ತೆಗೆದುಕೊಳ್ಳಲೇ, ತಮ್ಮ ಅಭ್ಯಂತರವಿಲ್ಲವಷ್ಟೆ?" ಎಂದು ಕೇಳಿದೆನು. ಅವರು ಒಪ್ಪಿ ದೂರ ಸರಿದು ನಿಂತರು. ಜಾಮಿನ ಚಿತ್ರವಲ್ಲ, ಜಾಮಿಡುವ ಕೈಗಳ ಚಿತ್ರ ಬೇಕಾಗಿತ್ತೆಂದು ಹೇಳಿದಾಗ ಮರಳಿ ಬಂದು, ಒಂದೊಂದು ಶೀಷೆಯನ್ನೂ ತಮ್ಮ ಅಂಗಿಯ ತೋಳಿನಿಂದ ಒರೆಸಿ, ಕೈಬರೆಹದ ಚೀಟಿ ಬೀದಿಯ ಕಡೆಗೆ ಮುಖಮಾಡುವಂತೆ ತಿರುಗಿಸತೊಡಗಿದರು. ಮಾತು ಬೆಳೆದಂತೆ ನನ್ನ ಇರವು ಅವರಿಗೆ ಮರೆತೇ ಹೋಯಿತು. ಆ ದಿನ ತೆಗೆದವುಗಳಲ್ಲೆಲ್ಲ ಉಳಿದುಕೊಂಡದ್ದು ಅದೊಂದೇ: ಶೀಷೆಯ ಕುತ್ತಿಗೆಯನ್ನು ಹಿಡಿದ ಎರಡು ಬೆರಳು, ಗಾಜಿನ ಮೂಲಕ ಮೇಜಿನ ಮೇಲೆ ಬಿದ್ದ ಕೆನ್ನೀಲಿ ಬೆಳಕು.

ಇಂಥ ಆಪ್ತತೆ ಒಂದು ಭೇಟಿಯಿಂದ ದಕ್ಕುವುದು ಅಪರೂಪ. ಜೇಮ್ಸ್ ರವಿಲಿಯಸ್ ಎಂಬ ಛಾಯಾಗ್ರಾಹಕರು 1972ರಿಂದ 17 ವರ್ಷಗಳ ಕಾಲ ಉತ್ತರ ಡೆವನ್ನಿನ ಬೀಫರ್ಡ್ ಸುತ್ತಲಿನ ಅವೇ ಹಳ್ಳಿಗಳಲ್ಲಿ ಓಡಾಡಿ, ಕುರಿಗಾಹಿಗಳು, ಹುಲ್ಲಿನ ಮಾಡು ಹೊದಿಸುವವರು, ಮೂಲೆಯ ಅಂಗಡಿಯವರು ಇವರೆಲ್ಲರ 70,000ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಬಿಟ್ಟುಹೋದರು. ಹಳೆಯ ಕಾಲದ ಲೆನ್ಸುಗಳನ್ನು ಬಳಸಿ, ಬೆಳಕಿಗೆ ಎದುರಾಗಿ ನಿಂತು, ಇಬ್ಬನಿಯ ಹೊಳಪನ್ನೂ ನೆರಳಿನ ವಿವರವನ್ನೂ ಒಟ್ಟಿಗೆ ಹಿಡಿಯುವುದು ಅವರ ಹದವಾಗಿತ್ತು. ನಾವು ಅಷ್ಟು ಮಾಡಲಾರೆವಾದರೂ, ಒಂದೇ ಮೂಲೆಯಲ್ಲಿ ಒಂದೇ ಗುರುತಿನ ಮೇಲೆ ನಿಂತು ನಾಲ್ಕು ಋತುಗಳಲ್ಲಿ ನಾಲ್ಕು ಚಿತ್ರಗಳನ್ನು ತೆಗೆಯುವುದು ಯಾರಿಗೂ ಕಷ್ಟವಲ್ಲ.

ಚೆಂದದ ಹಳೆಯ ಬೀದಿಯಲ್ಲಿ ನಿಂತಿರುವ ಕಾರು, ಕಸದ ಗಾಲಿತೊಟ್ಟಿ, ಬಾಗಿಲ ಮುಂದಿನ ಪಾರ್ಸೆಲ್ ಪೆಟ್ಟಿಗೆ ಇವು ಕಣ್ಣಿಗೆ ಅಡ್ಡಿಯೆಂದು ತೋರುವುದು ಸಹಜ. ಅವು ಇಲ್ಲದ ಚಿತ್ರವೊಂದು ಬೇಕಾದರೆ ಮುಂಜಾನೆ ಬಂದು ತೆಗೆಯಿರಿ. ಆದರೆ ಅವುಗಳೊಡನೆಯೂ ಒಂದನ್ನು ತೆಗೆದಿಡಿ. ಲೇಕಾಕಿನಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಐವತ್ತು ವರ್ಷಗಳ ಮೇಲೆ ಆ ಚಿತ್ರವನ್ನು ನೋಡುವವರು ಗೋಡೆಯನ್ನು ಬಿಟ್ಟು ಕಾರನ್ನೇ ಮೊದಲು ನೋಡಿಯಾರು.

ಸೌಜನ್ಯ ಮತ್ತು ಕಾನೂನು

ಇಂಗ್ಲೆಂಡಿನಲ್ಲಿ ಸಾರ್ವಜನಿಕ ಬೀದಿಯಲ್ಲಿ ನಿಂತು ಚಿತ್ರ ತೆಗೆಯುವುದಕ್ಕೆ ಅನುಮತಿ ಬೇಕಾಗಿಲ್ಲ. 1988ರ ಹಕ್ಕುಸ್ವಾಮ್ಯ ಕಾಯಿದೆಯ 62ನೆಯ ಸೆಕ್ಷನ್ನಿನ ಪ್ರಕಾರ ಕಟ್ಟಡಗಳ ಚಿತ್ರವನ್ನೂ, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಲ್ಲಿಸಿರುವ ಶಿಲ್ಪಗಳ ಚಿತ್ರವನ್ನೂ ತೆಗೆಯಬಹುದು, ಪ್ರಕಟಿಸಲೂಬಹುದು. ಗೋಡೆಯ ಮೇಲಿನ ವರ್ಣಚಿತ್ರಗಳಿಗೆ ಈ ರಿಯಾಯಿತಿ ಅನ್ವಯಿಸದು. ಖಾಸಗಿ ನೆಲದಲ್ಲಿ ಮಾತ್ರ ಒಡೆಯರ ಷರತ್ತೇ ಷರತ್ತು. ಟಾಲ್ಬಟ್‌ನ ಮೊಮ್ಮಗಳಾದ ಮಟಿಲ್ಡಾ ಟಾಲ್ಬಟ್ 1944ರಲ್ಲಿ ಮಠವನ್ನೂ ಹಳ್ಳಿಯನ್ನೂ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಗೆ ದಾನಮಾಡಿದುದರಿಂದ ಲೇಕಾಕಿನಲ್ಲಿ ಆ ಸಂಸ್ಥೆಯ ನಿಯಮಗಳುಂಟು: ಸ್ವಂತಕ್ಕೆ ತೆಗೆಯುವುದಕ್ಕೆ ಅಡ್ಡಿಯಿಲ್ಲ, ಮಾರಾಟಕ್ಕಾಗಿ ತೆಗೆಯುವುದಾದರೆ ಅನುಮತಿ ಬೇಕು, ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ, ಟ್ರೈಪಾಡ್ ನಿಲ್ಲಿಸುವುದಕ್ಕೆ ಮೊದಲು ಕೇಳಿ ತಿಳಿಯುವುದು ಒಳಿತು.

ಕಾನೂನು ಒಪ್ಪಿದ್ದೆಲ್ಲವನ್ನೂ ಮನಸ್ಸು ಒಪ್ಪಬೇಕೆಂದಿಲ್ಲ. ಬೀದಿಗೆ ಹತ್ತಿಕೊಂಡೇ ಇರುವ ಕಿಟಕಿಯೊಳಕ್ಕೆ ಲೆನ್ಸನ್ನು ತಿರುಗಿಸಬಾರದು. ಮಕ್ಕಳಿದ್ದರೆ ತಂದೆತಾಯಿಗಳನ್ನು ಕೇಳದೆ ತೆಗೆಯಬಾರದು. ಪ್ರಾರ್ಥನೆ, ಮದುವೆ, ಶವಸಂಸ್ಕಾರಗಳ ವೇಳೆ ಕ್ಯಾಮೆರಾ ಕೆಳಗಿರಬೇಕು. ಚಿತ್ರದಲ್ಲಿರುವವರಿಗೆ ಒಂದು ಪ್ರತಿಯನ್ನು ಮುದ್ರಿಸಿ ಕೊಡುವುದು ಋಣ ತೀರಿಸುವ ಮಾರ್ಗ. ನಮ್ಮನ್ನು ಆ ಊರಿಗೆ ಮತ್ತೆ ಕರೆಯಿಸುವ ಮಾರ್ಗವೂ ಅದೇ.

ಚಿತ್ರದ ಬೆನ್ನ ಬರೆಹ

ಇನ್ನು ಕೊನೆಯ ಕೆಲಸ, ನನ್ನ ಮಟ್ಟಿಗೆ ಮೊದಲನೆಯದು. ಮನೆಗೆ ಬಂದ ದಿನವೇ ಒಂದೊಂದು ಚಿತ್ರಕ್ಕೂ ಐದು ಸಂಗತಿಗಳನ್ನು ಬರೆಯಬೇಕು: ಎಲ್ಲಿ, ಎಂದು, ಯಾವ ದಿಕ್ಕಿಗೆ ನೋಡುತ್ತ, ಚಿತ್ರದಲ್ಲಿರುವುದೇನು, ತೆಗೆದವರಾರು. ಜನರ ಹೆಸರನ್ನು ಅವರ ಒಪ್ಪಿಗೆಯಿದ್ದರೆ ಮಾತ್ರ ಸೇರಿಸತಕ್ಕದ್ದು. ಫೋನಿನೊಳಗಿನ ಗಡಿಯಾರವೂ ಸ್ಥಳಸೂಚಕವೂ ಸ್ವಲ್ಪ ನೆರವಾಗುತ್ತವೆಯಾದರೂ, ಪೊರಕೆ ಏಕೆ ಅಲ್ಲಿತ್ತು ಎಂಬುದನ್ನು ಅವು ಹೇಳಲಾರವು. ಮೂಲಪ್ರತಿಯೊಂದನ್ನು ತಿದ್ದದೆ ಬೇರೆಯಾಗಿಟ್ಟು, ಎರಡು ಬೇರೆಬೇರೆ ಸ್ಥಳಗಳಲ್ಲಿ ಪ್ರತಿಗಳನ್ನು ಕಾಪಾಡಿಕೊಳ್ಳಬೇಕು; ಮುಖ್ಯವಾದ ಕೆಲವನ್ನಾದರೂ ಕಾಗದದ ಮೇಲೆ ಮುದ್ರಿಸಿಡಬೇಕು.

ಹೀಗೆ ಸಿದ್ಧವಾದ ಚಿತ್ರಗಳಿಗೆ ಇಂಗ್ಲೆಂಡಿನಲ್ಲಿ ನೆಲೆಗಳಿಗೆ ಕೊರತೆಯಿಲ್ಲ. 1897ರಲ್ಲಿ ಬೆಂಜಮಿನ್ ಸ್ಟೋನ್ ಎಂಬ ಪಾರ್ಲಿಮೆಂಟ್ ಸದಸ್ಯರು ರಾಷ್ಟ್ರೀಯ ಛಾಯಾಚಿತ್ರ ದಾಖಲೆಯ ಸಂಘವನ್ನು ಸ್ಥಾಪಿಸಿ, ಹವ್ಯಾಸಿಗಳು ತೆಗೆದ ಹಳೆಯ ಕಟ್ಟಡಗಳ, ಹಬ್ಬ ಆಚರಣೆಗಳ ಚಿತ್ರಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿಸಿದರು. ಇಂದು 'ಹಿಸ್ಟಾರಿಕ್ ಇಂಗ್ಲೆಂಡ್' ಸಂಸ್ಥೆಯು ಸಂರಕ್ಷಿತ ಕಟ್ಟಡಗಳ ರಾಷ್ಟ್ರೀಯ ಪಟ್ಟಿಗೆ ಸಾರ್ವಜನಿಕರ ಚಿತ್ರಗಳನ್ನು ಸ್ವೀಕರಿಸುತ್ತದೆ. 2005ರಲ್ಲಿ ಆರಂಭವಾದ 'ಜಿಯೋಗ್ರಾಫ್' ಯೋಜನೆಯು ಬ್ರಿಟನ್ ಮತ್ತು ಐರ್ಲೆಂಡುಗಳ ಪ್ರತಿಯೊಂದು ಚದರ ಕಿಲೋಮೀಟರಿನ ಚಿತ್ರವನ್ನೂ ಕೂಡಿಹಾಕುತ್ತಿದೆ. ಲೇಕಾಕಿಗೆ ಹತ್ತಿರದ ಚಿಪ್ಪನಮ್ಮಿನಲ್ಲಿ ಆ ಸೀಮೆಯ ದಾಖಲೆಗಳ ಇತಿಹಾಸಕೇಂದ್ರವಿದೆ.

ಈ ಕೆಲಸದ ಫಲ ಎಷ್ಟು ದೂರ ಮುಟ್ಟಬಹುದೆಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷ್ಯವಿದೆ. ಲೇಕಾಕಿನ ಕಿಟಕಿಯಲ್ಲಿ ಮೊದಲು ಮೂಡಿದ ಕಾಗದದ ನೆಗೆಟಿವ್ ಎಂಬ ಕಲ್ಪನೆಯು ಬೆಳೆದು, ಇಪ್ಪತ್ತು ವರ್ಷ ತುಂಬುವುದಕ್ಕೆ ಮೊದಲೇ, 1854ರಲ್ಲಿ, ಲಿನೇಯಸ್ ಟ್ರೈಪ್ ಎಂಬ ಇಂಗ್ಲಿಷ್ ಸೇನಾಧಿಕಾರಿಯ ಕೈಯಲ್ಲಿ ಹಳೇಬೀಡು ಬೇಲೂರುಗಳಿಗೆ ಬಂದಿತು. ಹೊಯ್ಸಳರ ಗುಡಿಗಳು ಅಂದು ಹೇಗಿದ್ದುವೆಂಬುದನ್ನು ನಾವು ಕಣ್ಣಾರೆ ಕಾಣುತ್ತಿರುವುದು ಆ ಕಾಗದದ ಹಾಳೆಗಳಿಂದ.

ಜಾಮಿನ ಶೀಷೆಯ ಆ ಚಿತ್ರದ ಎರಡು ಪ್ರತಿಗಳನ್ನು ಮುದ್ರಿಸಿ, ಒಂದನ್ನು ಆ ಹಿರಿಯರಿಗೆ ತಲಪಿಸಿದೆನು. ನನ್ನಲ್ಲಿರುವ ಪ್ರತಿಯ ಬೆನ್ನ ಮೇಲೆ ಪೆನ್ಸಿಲಿನಿಂದ ಹೀಗೆ ಬರೆದಿದೆ: ಲೇಕಾಕ್, ಚರ್ಚ್ ಸ್ಟ್ರೀಟ್, ಸೆಪ್ಟೆಂಬರ್, ಬೆಳಗ್ಗೆ ಒಂಬತ್ತು ಗಂಟೆ, ಉತ್ತರಕ್ಕೆ ನೋಡುತ್ತ, ಪ್ಲಮ್ ಜಾಮ್, ಮನೆಯ ಹಿತ್ತಿಲ ಮರದ ಹಣ್ಣು, ಶೀಷೆಗಳು ಹನ್ನೊಂದು, ಎಣಿಸಬಹುದು.